ಎಲೆಗೆ ಅಂಟು ಬರಬೇಕು

ರಾಮಗಿರಿ ಸುತ್ತಿನಲ್ಲಿ ಹೊಗೆಸೊಪ್ಪಿಗೆ ಕುಡುಗೋಲು ಬೀಳಬೇಕಾದರೆ ಗಿರಿಯಮ್ಮ ಹೂಂ ಅನ್ನಬೇಕಿತ್ತು. ಎಪ್ಪತ್ತನಾಲ್ಕನೇ ಇಸವಿಯ ಹೊತ್ತಿಗೆ ಆಕೆಗೆ ಅರವತ್ತು ದಾಟಿತ್ತು, ಜಂಬಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ಇರಲಿ ಬಿಡಿ, ಜಂಬಪಡುವಂಥ ಕೆಲಸವೇ ಅದು. ಬೇಗ ಕೊಯ್ದರೆ ಸೊಪ್ಪಿಗೆ ಖಾರವಿಲ್ಲ, ತಡವಾದರೆ ಪುಡಿಪುಡಿ.

ಆ ವರ್ಷ ಎಲೆಗಳ ಮೇಲೆ ಹದಕ್ಕೆ ಬಂದ ಗುರುತಿನ ಚುಕ್ಕೆ ಚೆನ್ನಾಗಿ ಎದ್ದಿತ್ತು. ಆಳುಗಳು ಬದುವಿನ ಮೇಲೆ ಕಾದು ನಿಂತಿದ್ದರು. ಪಕ್ಕದ ಹೊಲದ ಗುಡ್ಡಪ್ಪನೂ ಬಂದಿದ್ದ. ಗಿರಿಯಮ್ಮನ ಬಾಯಿಂದ ಮಾತು ಬಿದ್ದರೆ ತಾನೂ ಕೊಯ್ಯಿಸುವವನು. ಗಿರಿಯಮ್ಮ ಒಂದು ಎಲೆ ಮಡಚಿದಳು. ಲಟಕ್ಕನೆ ಮುರಿಯಿತು. ಕೊಯ್ರಿ ಅಂದುಬಿಟ್ಟಳು.

ಅಷ್ಟರಲ್ಲಿ ಸೊಸೆ ಚಂದ್ರಕ್ಕ ಸಾಲಿನೊಳಗಿಂದ ಬಂದಳು. ಯಲ್ಲದಕೆರೆಯ ಹುಡುಗಿ, ಅತ್ತೆಯ ಹಿಂದೆ ಹೊಲ ಸುತ್ತಿಯೇ ಈ ಕೆಲಸ ಕಲಿತವಳು, ಅತ್ತೆಯ ಎದುರು ದನಿ ಎತ್ತಿದವಳಲ್ಲ.

"ಇವತ್ತು ಬ್ಯಾಡ ಅತ್ತೆ. ಮೊನ್ನೆ ಮಳೆಗೆ ಎಲೆ ಅಂಟೆಲ್ಲ ತೊಳ್ಕಂಡು ಹೋಗೈತೆ. ಇನ್ನೂ ತಿರುಗಿ ಬಂದಿಲ್ಲ. ಅಂಟಿಲ್ದೆ ಖಾರ ಎಲ್ಲಿಂದ ಬರ್ತೈತೆ?"

ಗುಡ್ಡಪ್ಪ ಮೀಸೆಯಡಿ ನಕ್ಕ. ಗಿರಿಯಮ್ಮನ ಮಗ ಚಿತ್ರಲಿಂಗಪ್ಪ ಹೆಂಡತಿಯನ್ನು ಗದರಿಸಿ ಮನೆಗೆ ನಡಿ ಅಂದ. ಗಿರಿಯಮ್ಮನಿಗೂ ಮೈ ಉರಿದುಹೋಯಿತು. ಆಕೆ ಆಡಿದ ಮಾತು ಒಂದು ಸಲವೂ ಹಿಂದಕ್ಕೆ ಹೋಗಿರಲಿಲ್ಲ. ಇಷ್ಟು ಜನರ ಮುಂದೆ ಇವತ್ತು ಹೋದರೆ ಮರ್ಯಾದೆ ಏನಾಯಿತು? ಎಲೆಯ ಮೇಲೆ ಅಂಗೈ ಉಜ್ಜಿ ನೋಡಿದಳು. ಏನೂ ತಿಳಿಯಲಿಲ್ಲ. ರಾಗಿ ಬೀಸಿ, ಕಳೆ ಕಿತ್ತು ಜಡ್ಡುಗಟ್ಟಿದ ಕೈಗೆ ಅಂಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು.

ಸೊಸೆಯ ಕೈ ಹಿಡಿದು ಬಿಸಿಲಿಗೆ ತಿರುಗಿಸಿದಳು. ಬೆಳಗಿನಿಂದ ಎಲೆ ಮುಟ್ಟಿದ ಕೈ. ಹದಕ್ಕೆ ಬಂದ ಸೊಪ್ಪಾಗಿದ್ದರೆ ಕರ್ರಗೆ ಮೆತ್ತಿಕೊಂಡಿರಬೇಕಿತ್ತು. ಈಗ ತೊಳೆದ ಹಾಗಿತ್ತು.

ತಾನು ಕಲಿಸಿದ್ದನ್ನೇ ಈ ಹುಡುಗಿ ತನಗೇ ಹೆದರದೆ, ನಾಲ್ಕು ಜನರ ಎದುರು ಹೇಳಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಗಿರಿಯಮ್ಮನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಮಗನಿಗೆ ಬಾಯಿ ಮುಚ್ಚು ಅಂದಳು. ಆಳುಗಳಿಗೆ ಮುದ್ದೆ ಉಣ್ಣಿಸಿ ಕಳಿಸಿದಳು. ಬಿಸಿಲು ಬಿದ್ದು ಅಂಟು ತಿರುಗಿ ಬಂದ ದಿನ ಕೊಯ್ರಿ ಅಂದವಳು ಚಂದ್ರಕ್ಕ. ಆ ಸೊಪ್ಪಿನ ಘಾಟಿಗೆ ಕೇರಿಯೇ ಸೀನಿತು.

ಗುಡ್ಡಪ್ಪ ಮಾತ್ರ, ಗಿರಿಯಮ್ಮ ಮೊದಲು ಹೇಳಿದ್ದೇ ಸರಿ, ಸೊಸೆಯದು ಬರೀ ಉಡಾಫೆ ಅಂದುಕೊಂಡು ಅವತ್ತೇ ಕೊಯ್ಯಿಸಿದ್ದ. ಅವನ ಸೊಪ್ಪು ಬಾಯಿಗಿಟ್ಟರೆ ಹುಲ್ಲು. ಮುಂದಿನ ವರ್ಷ ತಾನಾಗಿಯೇ ಬಂದು ಜಗಲಿಯ ಮೇಲೆ ಕೂತ. ಒಂದು ಸಲ ತನ್ನ ಹೊಲ ನೋಡಿ ಹೇಳಬೇಕೆಂದು ಗಿರಿಯಮ್ಮನನ್ನು ಕೇಳಿಕೊಂಡ.

ಗಿರಿಯಮ್ಮ ಎಲೆಅಡಿಕೆ ಮಡಚಿ ಬಾಯಿಗಿಟ್ಟಳು.

"ನಾನು ಬಂದು ಏನ್ ಮಾಡ್ಲಪ್ಪ? ನಮ್ಮ ಚಂದ್ರಕ್ಕಗೆ ಪುರುಸೊತ್ತು ಐತೋ ಇಲ್ವೋ, ಕೇಳಿ ಹೇಳ್ತೀನಿ. ಕುಂತಿರು."