ಸದ್ದು ಬಂದರೆ ಎರಡು ಚಮಚ

ನಾಲ್ವರೂ ಬಗ್ಗಿ ಸ್ಟ್ರೆಚರಿನ ಹಿಡಿಗೆ ಕೈ ಹಾಕಿ, "ಎತ್ತೋಣ್ವಾ?" ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹೆಣದ ಹೊಟ್ಟೆ ಗುಳುಗುಳು ಎಂದಿತು.

ಜೋರಾಗಿಯೇನೂ ಅಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಹೂಜಿ ಬಗ್ಗಿಸಿದಷ್ಟು. ಆದರೂ ನಾಲ್ವರ ಕೈಗಳೂ ಒಟ್ಟಿಗೆ ಹಿಂದಕ್ಕೆ ಬಂದವು. ಕಾಲಿನ ಕಡೆ ನಿಂತಿದ್ದ ಸತ್ತವನ ತಮ್ಮ, ಬೆನ್ನು ಗೋಡೆಗೆ ತಾಗುವವರೆಗೂ ಸರಿದ.

ತಲೆಯ ಹತ್ತಿರ ಕೂತಿದ್ದ ಹೆಂಡತಿ ಮಾತ್ರ ಬೆಚ್ಚಲಿಲ್ಲ. ಒಂದು ವರ್ಷದಿಂದ ದಿನಾ ಬೆಳಗ್ಗೆ ಕೇಳಿದ ಸದ್ದು ಅದು. ಬಾಯಿಂದ ರೂಢಿಯ ಮಾತೇ ಹೊರಟಿತು.

"ಬಂತು."

ಒಳಗೆ ಅಡುಗೆಮನೆಯಲ್ಲಿ ಮಗಳ ಕೈಯಿಂದ ಲೋಟ ಜಾರಿಬಿದ್ದ ಸದ್ದಾಯಿತು. ಆಕೆ ಅತ್ತ ತಿರುಗಲಿಲ್ಲ. ಹೊದಿಸಿದ್ದ ಬಿಳಿ ಬಟ್ಟೆ, ಅಂಗಿ ಸರಿಸಿ ಗಂಡನ ಹೊಟ್ಟೆಯ ಮೇಲೆ ಕಿವಿಯಿಟ್ಟುಬಿಟ್ಟಳು. ಹೊಟ್ಟೆ ತಣ್ಣಗಿತ್ತು.

"ಅತ್ತಿಗೆ," ತಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಗಾಡಿ ಕಾಯ್ತಾ ಇದೆ."

"ಕಾಯ್ಲಿ."

ಎದುರು ಮನೆಯ ನರ್ಸ್ ಪಕ್ಕಕ್ಕೆ ಬಂದು ಕೂತಳು. "ಅಕ್ಕ, ಅದು ಬರೀ ಗಾಳಿ. ಜೀವ ಹೋದ್ಮೇಲೂ ಒಳಗೆ ಓಡಾಡತ್ತೆ. ನಾನು ಎಷ್ಟೋ ನೋಡಿದೀನಿ. ನಿನ್ನೆ ಡಾಕ್ಟರೇ ಬರ್ಕೊಟ್ಟಿದಾರಲ್ಲ."

"ಆವತ್ತೂ ಡಾಕ್ಟರು ಏನಿಲ್ಲ ಅಂದಿದ್ರು, ಸಿಸ್ಟರ್."

ಆವತ್ತು ಎಂದರೆ ಯಾವತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಸತ್ತವನನ್ನು ನೀರು ಸರಬರಾಜು ಕಚೇರಿಯಲ್ಲಿ ಕಿವಿ ಎಂದೇ ಕರೆಯುತ್ತಿದ್ದರು. ರಸ್ತೆಯಡಿ ಎಲ್ಲಿ ಪೈಪು ಒಡೆದು ನೀರು ಪೋಲಾಗುತ್ತಿದೆ ಎಂದು ಪತ್ತೆ ಮಾಡುವುದು ಅವನ ಕೆಲಸ. ಎದೆಯೆತ್ತರದ ಕಬ್ಬಿಣದ ಸರಳು. ಒಂದು ತುದಿ ನೆಲಕ್ಕೆ, ಮರದ ಗುಬುಟಿರುವ ಇನ್ನೊಂದು ತುದಿ ಕಿವಿಗೆ. ಅವನು ಕಾಲಲ್ಲಿ ಗೆರೆ ಎಳೆದಲ್ಲಿ ಗುದ್ದಲಿ ಅಗೆಯುತ್ತಿದ್ದ. ಗುದ್ದಲಿ ಎಂದರೆ ಸಲಕರಣೆಯಲ್ಲ, ಮೂವತ್ತು ವರ್ಷದ ಜೊತೆಗಾರ. ಆ ಹೆಸರೂ ಕಚೇರಿ ಕೊಟ್ಟದ್ದೇ.

ಇಂಥ ಕಿವಿಯ ದೊಡ್ಡ ಕರುಳಿನಲ್ಲಿ ಸದ್ದಿಲ್ಲದೆ ಗಂಟು ಬೆಳೆದಿತ್ತು. ಒಂದು ಗೇಣು ಕತ್ತರಿಸಿ ತೆಗೆದು, ಉಳಿದೆರಡು ತುದಿ ಸೇರಿಸಿ ಹೊಲಿದರು. "ಊರಿನ ಪೈಪೆಲ್ಲ ನೋಡ್ಕೊಂಡೆ, ಮನೆ ಪೈಪು ಬಿಟ್ಟೆ," ಎಂದು ಅವನೇ ನಕ್ಕ. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆಗೆ ದಿಂಬು ಒತ್ತಿಕೊಂಡಿದ್ದ.

ಆಮೇಲೆ ಆ ನಗುವೂ ನಿಂತಿತು. ಆಪರೇಷನ್ನಿನಿಂದ ಮಲಗಿದ ಕರುಳು ಮತ್ತೆ ಕೆಲಸಕ್ಕೆ ಏಳಲಿಲ್ಲ. ಹೊಟ್ಟೆ ಉಬ್ಬಿ ಬಿಗಿಯಿತು, ಮೂಗಿನ ನಳಿಗೆಯಲ್ಲಿ ಹಸಿರು ನೀರು ಇಳಿಯುತ್ತಿತ್ತು. ಸರ್ಜನ್ ದಿನಕ್ಕೆರಡು ಸಲ ಬಂದು "ಗ್ಯಾಸ್ ಹೋಯ್ತಾ?" ಎಂದು ಕೇಳುವುದು, ಗಂಡ ಹೆಂಡತಿ ಇಬ್ಬರೂ ಮನೆಪಾಠ ಮಾಡಿರದ ಮಕ್ಕಳಂತೆ ತಲೆ ತಗ್ಗಿಸುವುದು. ಐದನೆಯ ದಿನ ಆತ, ನಾಳೆ ಬೆಳಗ್ಗೆ ಮತ್ತೆ ಹೊಟ್ಟೆ ತೆರೆಯೋಣ ಎಂದ.

"ನೀನು ಕೇಳು," ಎಂದ ಕಿವಿ ಹೆಂಡತಿಗೆ. ತುಟಿ ಒಣಗಿ ಒಡೆದಿತ್ತು. "ಒತ್ತಬೇಡ, ಸುಮ್ನೆ ಕಿವಿ ಇಡು. ಮೊದಲು ನಿನ್ನ ಉಸಿರು ಕೇಳತ್ತೆ, ಅದನ್ನ ಬಿಡು. ಆಮೇಲೆ ನಿನ್ನ ರಕ್ತ ಕೇಳತ್ತೆ, ಅದನ್ನೂ ಬಿಡು. ಅದರ ಕೆಳಗಿರತ್ತೆ, ಇದ್ರೆ."

ಆಕೆ ಒಂದು ಗಂಟೆ ಅಲ್ಲಾಡಲಿಲ್ಲ. ಕೊನೆಗೆ ಎಲ್ಲದರ ಕೆಳಗೆ, ಬಲುದೂರದಲ್ಲಿ, ಏನೋ ಒಂದು ಹನಿ ಜಾರಿತು. ಸರ್ಜನ್ ಸ್ಟೆತಸ್ಕೋಪ್ ಇಟ್ಟು ನೋಡಿ, "ಏನಿಲ್ಲಮ್ಮ, ನಿಮ್ಮ ಭ್ರಮೆ," ಎಂದ. ಮಾರನೆಯ ಬೆಳಗ್ಗೆ ತಳ್ಳುಗಾಡಿ ಬಂದಾಗ ಆಕೆ ಸಹಿ ಹಾಕದೆ ಅದಕ್ಕೆ ಅಡ್ಡ ನಿಂತಳು. ವಾರ್ಡಿನವರೆಲ್ಲ ಬುದ್ಧಿ ಹೇಳಿದರು. ಹೇಳುತ್ತಿದ್ದ ಹಾಗೆಯೇ, ವಾರ್ಡಿಗೆ ವಾರ್ಡೇ ಕೇಳುವಂತೆ ಕಿವಿ ಗಾಳಿ ಬಿಟ್ಟ. ಪಕ್ಕದ ಹಾಸಿಗೆಯವನು ಎದ್ದು ಕೂತು ಚಪ್ಪಾಳೆ ತಟ್ಟಿದ. ಸಂಜೆಗೆ ಎರಡು ಚಮಚ ಬಿಸಿನೀರು ಕೊಡಬಹುದು ಎಂದರು.

ಅಲ್ಲಿಂದ ಅದೇ ರೂಢಿಯಾಯಿತು. ಮನೆಯಲ್ಲೂ ದಿನಾ ಬೆಳಗ್ಗೆ ಆಕೆ ಹೊಟ್ಟೆಗೆ ಕಿವಿಯಿಟ್ಟು "ಬಂತು" ಎಂದು ಕೂಗುವಳು, ಮಗಳು ಲೋಟದಲ್ಲಿ ಬಿಸಿನೀರು, ಚಮಚ ತರುವಳು. ಮೊದಮೊದಲು ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಟ. ಹೊರಗೆ ಹೊರಟರೆ ಚೀಲದಲ್ಲಿ ಇನ್ನೊಂದು ಪ್ಯಾಂಟು. ಯಾವ ಬೀದಿಯಲ್ಲಿ ಯಾವ ಅಂಗಡಿಯವನು ಕಕ್ಕಸು ಬಿಟ್ಟುಕೊಡುತ್ತಾನೆ ಎಂಬುದು ಬಾಯಿಪಾಠ. ಹತ್ತು ನಾಲ್ಕಾಯಿತು, ನಾಲ್ಕು ಎರಡಾಯಿತು. ಗೇಟಿನವರೆಗೆ ನಡೆಯುತ್ತಿದ್ದವನು ನೀರಿನ ಟ್ಯಾಂಕಿನವರೆಗೂ ನಡೆದ. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ, ನಿನ್ನೆ ಸಂಜೆ, ಬೂಟಿನ ಲೇಸು ಕಟ್ಟಲು ಬಗ್ಗಿದವನು ಏಳಲಿಲ್ಲ. ಹೃದಯ ನಿಂತಿದೆ, ಎಂದರು.

ನಿನ್ನೆ ಬೆಳಗ್ಗೆಯೂ ಆಕೆ ಕೇಳಿದ್ದಳು. ಹೊಟ್ಟೆ ಚೆನ್ನಾಗಿಯೇ ಇತ್ತು. ತನ್ನ ಕಿವಿಯನ್ನು ಒಂದು ಗೇಣು ಮೇಲಕ್ಕೆ, ಎದೆಗೆ ಸರಿಸಿದ್ದರೆ? ರಾತ್ರಿಯಿಡೀ ಆ ಒಂದು ಗೇಣು ಆಕೆಯನ್ನು ಕೊರೆದು ತಿಂದಿತ್ತು.

*

ಆಕೆ ತಲೆಯೆತ್ತಿದಳು. "ಗುದ್ದಲಿಯೋರು ಬಂದಿದಾರಾ?"

ಬಂದಿದ್ದ. ಗೇಟಿನ ಹತ್ತಿರ, ಬಟ್ಟೆ ಸುತ್ತಿದ ಸರಳನ್ನು ಹಿಡಿದು ನಿಂತಿದ್ದ. ಕಿವಿ ಕಾಯಿಲೆ ಬಿದ್ದ ಮೇಲೆ ಆ ಸರಳೂ ಆ ಕೆಲಸವೂ ಅವನ ಪಾಲಿಗೆ ಬಂದಿದ್ದವು. ಜನ ದಾರಿ ಬಿಟ್ಟರು.

"ಕೇಳಿ ಹೇಳಿ," ಎಂದಳು.

"ಅತ್ತಿಗೆ, ನಾನು ರಸ್ತೆ ಕೇಳೋನು."

"ನಂಗೆ ಕಲಿಸಿದೋರೇ ನಿಮಗೂ ಕಲಿಸಿದ್ದು. ಇವರ ಯಾರ ಮಾತೂ ನಂಗೆ ಬೇಡ. ನೀವು ಇಲ್ಲ ಅಂದ್ರೆ ಕಳಿಸ್ಕೊಡ್ತೀನಿ."

ಗುದ್ದಲಿ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. ಯಾರೋ ಫ್ಯಾನು ಆರಿಸಿದರು, ಇನ್ಯಾರೋ ಫ್ರಿಜ್ಜಿನ ಸ್ವಿಚ್ಚು ತೆಗೆದರು. ಗುದ್ದಲಿ ಬಟ್ಟೆ ಬಿಚ್ಚಿ, ಸರಳಿನ ತುದಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ. ಬೆಚ್ಚಗೆ ಮಾಡಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಹೊಲಿಗೆಯ ಗುರುತಿನ ಪಕ್ಕ ಅದನ್ನಿಟ್ಟು ಗುಬುಟಿಗೆ ಕಿವಿಕೊಟ್ಟ.

ಮತ್ತೆ ಬಂತು ಆ ಸದ್ದು, ಈ ಸಲ ಉದ್ದಕ್ಕೆ, ಯಾರೋ ಒಳಗಿಂದ ಏನೋ ಹೇಳಲು ಬಾಯಿ ತೆರೆದ ಹಾಗೆ. ಬಾಗಿಲ ಬಳಿಯಿದ್ದ ಇಬ್ಬರು ಹೊರಗೇ ಹೋದರು. ಗುದ್ದಲಿ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ. ಆಮೇಲೆ, ಆಕೆ ಹೇಳದಿದ್ದರೂ, ಸರಳನ್ನು ಒಂದು ಗೇಣು ಮೇಲಕ್ಕೆ ಸರಿಸಿ ಎದೆಯ ಮೇಲಿಟ್ಟ. ಅಲ್ಲಿ ತುಂಬ ಹೊತ್ತು ಕೇಳಿದ.

"ಹೊಟ್ಟೇಲಿ ಸದ್ದಿದೆ, ಸುಳ್ಳು ಹೇಳಲ್ಲ," ಎಂದ ನೆಟ್ಟಗಾಗುತ್ತ. "ಆದ್ರೆ ಮೈನ್ ವಾಲ್ವ್ ಮುಚ್ಚಿದ ಮೇಲೂ ಲೈನಲ್ಲಿ ಉಳಿದ ನೀರು ಇಳೀತಾ ಇರತ್ತೆ, ಅತ್ತಿಗೆ. ಬರೋ ನೀರಿನ ಸದ್ದೇ ಬೇರೆ. ಇದು ಹೋಗೋದು."

"ಮೇಲೆ?"

"ಮೇಲೆ ಏನೂ ಇಲ್ಲ."

"ನಿನ್ನೆ ಬೆಳಗ್ಗೆ ನಾನು ಅಲ್ಲಿ ಕೇಳಿದ್ರೆ ಗೊತ್ತಾಗ್ತಿತ್ತಾ?"

ಗುದ್ದಲಿ ಸರಳಿಗೆ ಬಟ್ಟೆ ಸುತ್ತತೊಡಗಿದ. "ವಾಲ್ವು ಮುಚ್ಚೋಕ್ಕೆ ಮುಂಚೆ ಸದ್ದು ಮಾಡಲ್ಲ. ಅವನಿಗೇ ಗೊತ್ತಾಗ್ತಿರ್ಲಿಲ್ಲ."

ನಿಜವೋ, ಆಕೆಗಾಗಿ ಹೇಳಿದ್ದೋ, ಅವನ ಮುಖದಿಂದ ತಿಳಿಯಲಿಲ್ಲ. ಆಕೆ ಗಂಡನ ಅಂಗಿ ಸರಿಮಾಡಿದಳು. ಹೊಲಿಗೆಯ ಗುರುತಿಗೆ ಒತ್ತದಿರಲಿ ಎಂದು ಸೊಂಟದ ಬೆಲ್ಟನ್ನು ಒಂದು ತೂತು ಸಡಿಲಿಸಿದಳು.

"ಎತ್ತಿ," ಎಂದಳು.

*

ಮಧ್ಯಾಹ್ನ ಎಲ್ಲ ಮುಗಿದು, ಬಂದವರು ಹೋದ ಮೇಲೆ ಮನೆ ಖಾಲಿಯಾಯಿತು. ಆಕೆ ಮಂಚದ ಮೇಲೆ, ಅವನು ಮಲಗುತ್ತಿದ್ದ ಮಗ್ಗುಲಿಗೆ ಅಡ್ಡಲಾಗಿ ಮಲಗಿ, ಅವನ ಹೊಟ್ಟೆ ಇರುತ್ತಿದ್ದ ಜಾಗದಲ್ಲಿ ಕಿವಿಯಿಟ್ಟಳು. ಮೊದಲು ಉಸಿರು ಕೇಳಿತು, ಬಿಟ್ಟಳು. ಆಮೇಲೆ ರಕ್ತ. ಅದನ್ನೂ ಬಿಟ್ಟಳು.

ಅದರ ಕೆಳಗೆ ಗುಳುಗುಳು ಎಂದಿತು.

ಆಕೆಗೆ ಹೆದರಿಕೆಯಾಗಲಿಲ್ಲ. "ಬಂತು," ಎಂದಳು.

ಮಗಳು ಲೋಟ, ಚಮಚ ಹಿಡಿದು ಹೊಸ್ತಿಲವರೆಗೆ ಬಂದೇಬಿಟ್ಟಳು. ಅಲ್ಲಿ ನಿಂತಳು. ಅಷ್ಟರಲ್ಲಿ ಆ ಸದ್ದು ಮತ್ತೆ ಬಂತು, ಅವಳಿಗೂ ಕೇಳುವ ಹಾಗೆ.

ಅವಳು ಮೆಲ್ಲಗೆ ಹತ್ತಿರ ಬಂದು, ಬಗ್ಗಿ, ಅಮ್ಮನ ಹೊಟ್ಟೆಯ ಮೇಲೆ ಕಿವಿಯಿಟ್ಟಳು.

"ಅಮ್ಮ," ಎಂದಳು. "ನಿನ್ನೆಯಿಂದ ಏನಾದ್ರೂ ತಿಂದಿದೀಯಾ?"

ಮಗಳು ಒಂದು ಕೈಯಿಂದ ಅಮ್ಮನ ತಲೆಯೆತ್ತಿ ಹಿಡಿದು ಚಮಚವನ್ನು ತುಟಿಗಿಟ್ಟಳು. ಒಂದು. ಎರಡು. ಆಮೇಲೆ ಇಬ್ಬರೂ ನೀರು ಒಳಗಿಳಿಯುವುದನ್ನು ಕೇಳುತ್ತ ಕೂತರು.