ಕಾಲಮಿನೊಳಗೆ ಉಳಿದ ಸ್ಪಿರಿಟ್ಟು

ಚಪ್ಪಾಳೆಯ ಗದ್ದಲದಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ.

“ವಾಲ್ವ್ ಮುಚ್ಚು ಮಾವ! ಮುಚ್ಚು ಅಂದೆ!”

ಕೊಳವೆಯ ತುದಿಯಿಂದ ತಿಳಿಯಾದ ಸ್ಪಿರಿಟ್ಟು ಗಾಜಿನ ಜಾಡಿಗೆ ಸುರಿಯುತ್ತಿತ್ತು. ಜಾಡಿ ಹಿಡಿದು ನಿಂತವನು ಕಾರ್ಖಾನೆಯ ಯಜಮಾನ, ಅವಳ ಅಣ್ಣ. ಮೈಮೇಲೆ ಹೊಸ ಕೋಟು, ಮುಖದ ತುಂಬ ನಗು. ಪಕ್ಕದಲ್ಲಿ ತೆರಿಗೆ ಅಧಿಕಾರಿ, ಕಂಕುಳಲ್ಲಿ ಚೀಲ. ಹಿಂದೆ ಕೆಲಸಗಾರರೆಲ್ಲ ಕೈ ನೋಯುವಂತೆ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಗೇನು, ಎರಡು ಕೈ ಇದ್ದರೆ ಸಾಕು. ಹುಲ್ಲು, ದಂಟು, ಹೊಟ್ಟು ಎಂದು ಊರೆಲ್ಲ ಬೆಂಕಿ ಹಚ್ಚುವ ಕಸದಿಂದ ವಾಹನ ಓಡಿಸುವ ಇಂಧನ ತೆಗೆಯುತ್ತೇವೆ ಎಂದು ಆರು ವರ್ಷ ಹೆಣಗಿದ್ದವರು ಅಣ್ಣ ತಂಗಿ ಇಬ್ಬರೇ. ಅವನು ಸಾಲದ ಬಾಗಿಲು ತಟ್ಟಿದ, ಅವಳು ಯಂತ್ರ ಕಟ್ಟಿದಳು.

“ನನ್ನ ತಂಗಿಗೆ ಎಲ್ಲದಕ್ಕೂ ಅವಸರ,” ಎಂದು ಅವಳು ಕೈ ಬೀಸುವುದನ್ನು ಕಂಡು ಅಣ್ಣ ನಕ್ಕ. “ಬನ್ನಿ ಸರ್, ಟೀ ಕುಡೀತಾ ಬರೆದುಕೊಡಿ.”

ಅಧಿಕಾರಿ ಬರೆದುಕೊಡಬೇಕಾದದ್ದು ಒಂದೇ ಮಾತು. ಹುಲ್ಲು ದಂಟಿನಿಂದ ಇಂಧನ ತೆಗೆಯುವ ಹೊಸ ಕಾರ್ಖಾನೆಗೆ ಹತ್ತು ವರ್ಷ ತೆರಿಗೆ ಪೂರ್ತಿ ಮಾಫಿ. ಷರತ್ತು ಇಷ್ಟೆ: ಇವತ್ತು ಕಚೇರಿ ವೇಳೆ ಮುಗಿಯುವುದರೊಳಗೆ ಮೊದಲ ಇಂಧನ ಅಧಿಕಾರಿಯ ಕಣ್ಣೆದುರು ಹೊರಬರಬೇಕು. ನಾಳೆಯಿಂದ ಮಾಫಿ ಅರ್ಧ. ಪೂರ್ತಿ ಮಾಫಿ ಇದ್ದರೆ ಕಾರ್ಖಾನೆ ಅಣ್ಣ ತಂಗಿಯರದಾಗಿ ಉಳಿಯುತ್ತದೆ. ಅರ್ಧವಾದರೆ ಸಾಲ ಕೊಟ್ಟವರು ಒಪ್ಪುವುದಿಲ್ಲ, ಬಾಗಿಲಲ್ಲಿ ಕಾದು ಕೂತಿರುವ ದೊಡ್ಡ ಕಂಪನಿಗೆ ಹೆಚ್ಚಿನ ಪಾಲು ಬಿಟ್ಟುಕೊಡಬೇಕು. ಆಮೇಲೆ ಇವರು ತಮ್ಮದೇ ಕಾರ್ಖಾನೆಯಲ್ಲಿ ಸಂಬಳದಾಳುಗಳು.

ಇಬ್ಬರೂ ಆಫೀಸು ಕೋಣೆಯ ಕಡೆ ಹೋದರು. ಅವಳು ಹೋಗಲಿಲ್ಲ. ಹುದುಗು ಬಂದ ದಂಟಿನ ರಸ ತುಂಬಿದ್ದ ಟ್ಯಾಂಕಿನ ಬಳಿ ನಿಂತು, ಅದರ ಪಕ್ಕದ ಗಾಜಿನ ಕೊಳವೆಯನ್ನು ಮತ್ತೊಮ್ಮೆ ನೋಡಿದಳು. ರಸದ ಮಟ್ಟ ಬೆಳಿಗ್ಗೆ ಇದ್ದಲ್ಲೇ ಇತ್ತು, ಒಂದು ಬೆರಳೂ ಇಳಿದಿರಲಿಲ್ಲ. ಅಲ್ಲಿಂದ ರಸವನ್ನು ಭಟ್ಟಿಯ ಕಾಲಮಿಗೆ, ಅಂದರೆ ರಸ ಕಾಯಿಸಿ ಸ್ಪಿರಿಟ್ಟು ಬೇರ್ಪಡಿಸುವ ಎತ್ತರದ ಕಂಬಕ್ಕೆ, ಒಯ್ಯುವ ಪೈಪು ಮುಟ್ಟಿದಳು. ತಣ್ಣಗಿತ್ತು.

“ಮಾವ, ರಸ ಇನ್ನೂ ಬಿಟ್ಟೇ ಇಲ್ಲ. ಹಾಗಾದ್ರೆ ಈಗ ಹೊರಗೆ ಬಂದಿದ್ದು ಏನು?”

ಭಟ್ಟಿಯವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದೇ ಮಾವ ಎಂದು. ಅರ್ಧ ಆಯುಸ್ಸು ಸಕ್ಕರೆ ಕಾರ್ಖಾನೆಯ ಭಟ್ಟಿಯಲ್ಲಿ ಬೆಂದು ಬಂದವನು. ತಲೆ ಕೆರೆದುಕೊಂಡ.

“ಕಾಲಮ್ ಬಿಸಿಯಾಗ್ಲಿ, ಆಮೇಲೆ ರಸ ಬಿಡೋಣ ಅಂತಿದ್ದೆ ಕಣಮ್ಮ. ಒಳಗೆ ಹೋದ ವಾರದ್ದು ಇತ್ತಲ್ಲ, ಅದು...”

“ಹೋದ ವಾರದ್ದಾ?”

ಹೋದ ವಾರ ಕಾಲಮಿನ ಪರೀಕ್ಷೆಗೆಂದು ಸಕ್ಕರೆ ಕಾರ್ಖಾನೆಯ ಸ್ಪಿರಿಟ್ಟು ತರಿಸಿ ಓಡಿಸಿದ್ದರು. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಖಾಲಿ ಮಾಡು ಎಂದು ಅವಳು ಹೇಳಿದ್ದಳು. ಮಾವ ಮಾಡಿರಲಿಲ್ಲ.

“ಕಾಲಮನ್ನ ಬರೀ ಹೊಟ್ಟೇಲಿ ಎಬ್ಬಿಸಬಾರದು ತಾಯಿ. ನಮ್ಮ ಭಟ್ಟೀಲಿ ಯಾವ ಕಾಲದಲ್ಲೂ ತಳ ಒಣಗೋಕೆ ಬಿಟ್ಟಿಲ್ಲ. ಅಲ್ಲಿ ಒಳಗಿರೋದೂ ಅದೇ, ಬರೋದೂ ಅದೇ. ಇಲ್ಲಿ ಬೇರೆ ಅನ್ನೋದು ನನ್ನ ಮಂಡೆಗೆ ಹೊಳೀಲೇ ಇಲ್ಲ.”

ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಅಣ್ಣನನ್ನು ಹೊರಗೆ ಕರೆಸಿದಳು. ಹೊಟ್ಟಿನ ರಾಶಿಯ ಹಿಂದೆ ನಿಲ್ಲಿಸಿ ವಿಷಯ ಹೇಳಿದಳು.

ಅಣ್ಣ ಕಾರ್ಖಾನೆಯನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. “ಯಾರಿಗೆ ಗೊತ್ತಾಯ್ತು?”

“ನನಗೆ, ಮಾವನಿಗೆ, ಈಗ ನಿನಗೆ.”

“ಹಾಗಾದ್ರೆ ಮೂರು ಜನ ಬಾಯಿಗೆ ಹೊಲಿಗೆ ಹಾಕ್ಕೊಂಡ್ರೆ ಆಯ್ತು. ನಾಳೆ ಹುಲ್ಲಿನದು ಬಂದೇ ಬರುತ್ತೆ. ಒಂದು ದಿನ ಆಚೆ ಈಚೆ, ಅಷ್ಟೇ ತಾನೆ? ಸ್ಪಿರಿಟ್ಟಿಗೂ ಕುಲಗೋತ್ರ ಕೇಳ್ತೀಯೇನೇ?”

“ನಾನು ಕೇಳಲ್ಲ. ಮಾಫಿ ಕಾನೂನೇ ಕೇಳುತ್ತೆ.”

“ಕಾನೂನಂತೆ! ಆರು ವರ್ಷ ಮನೆಮಠ ಬಿಟ್ಟು ಅಲೆದಿದ್ದೀನಿ. ದಡಕ್ಕೆ ಬಂದು ದೋಣಿ ಮುಳುಗಿಸೋಕೆ ನೀನೊಬ್ಬಳು ಸಾಕು!”

“ಕೂಗಬೇಡ ಅಣ್ಣ. ನೀನು ಅಲೆದಿದ್ದು ಬಾಗಿಲು ಬಾಗಿಲಿಗೆ. ಆ ಬಾಗಿಲಲ್ಲೆಲ್ಲ ‘ಹುಲ್ಲಿಂದ ಬರುತ್ತೆ’ ಅಂತ ಹೇಳಿಸಿದ್ದು ಯಾರು? ನಾನು. ಬರುತ್ತೋ ಇಲ್ಲವೋ ಈ ಕಾಲಮಿನಲ್ಲಿ ನಾನೂ ಇನ್ನೂ ಕಣ್ಣಾರೆ ನೋಡಿಲ್ಲ. ಬೇರೆಯವರ ಸ್ಪಿರಿಟ್ಟು ತೋರಿಸಿ ನನಗೆ ನಾನೇ ಹೆಂಗೆ ಚಪ್ಪಾಳೆ ಹೊಡ್ಕೊಳ್ಳಲಿ?”

ಅವನು ಉತ್ತರ ಕೊಡುವಷ್ಟರಲ್ಲಿ ಅವಳು ಆಫೀಸು ಕೋಣೆಯ ಮೆಟ್ಟಿಲು ಹತ್ತಿಯಾಗಿತ್ತು. ಅವಳದು ಅಂಥ ಹಟ. ಚಿಕ್ಕಂದಿನಲ್ಲಿ ಆಟದಲ್ಲಿ ತಾನೇ ಗೆದ್ದಾಗಲೂ, ಗೆರೆ ತುಳಿದಿದ್ದರೆ ತುಳಿದೆ ಎಂದು ಒಪ್ಪಿಕೊಂಡು ಜೊತೆಗಾರರಿಂದ ಬೈಸಿಕೊಂಡವಳು. ಇಂಥವರ ಜೊತೆ ಬಾಳುವುದು ಕಷ್ಟ. ಇಂಥವರಿಲ್ಲದೆ ಏನನ್ನಾದರೂ ಕಟ್ಟುವುದು ಇನ್ನೂ ಕಷ್ಟ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದಿದ್ದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಮುಚ್ಚಳ ಹಾಕಿದ.

“ಹಾಗಾದ್ರೆ ನಾನು ಹೊರಡಲೇನಮ್ಮ?”

“ಯಾಕೆ? ಕಚೇರಿ ಮುಚ್ಚೋವರೆಗೂ ಇವತ್ತೇ ತಾನೆ? ಇನ್ನೊಂದು ಟೀ ಕುಡೀರಿ.”

ಆಮೇಲೆ ಕಾರ್ಖಾನೆಯಲ್ಲಿ ನಡೆದ ಕೆಲಸ ನೋಡುವಂಥದ್ದು. ಮಾವ ಯಾರ ಮುಖವನ್ನೂ ನೋಡದೆ ಕಾಲಮಿನ ತಳದ ವಾಲ್ವಿಗೆ ಸ್ಪ್ಯಾನರು ಹಾಕಿ ತಿರುಗಿಸಿದ. ಹಳೆಯ ಸ್ಪಿರಿಟ್ಟನ್ನು ಪೀಪಾಯಿಗಳಿಗೆ ಇಳಿಸಿದರು. ಬಿಸಿನೀರು ಹಾಯಿಸಿ ತೊಳೆದರು, ಮತ್ತೆ ತೊಳೆದರು. ಊಟದ ಗಂಟೆ ಹೊಡೆದರೂ ಒಬ್ಬನೂ ಕದಲಲಿಲ್ಲ. ಅವಳು ತಾನೇ ಏಣಿ ಹತ್ತಿ, ಕಾಲಮಿನೊಳಗೆ ಒಂದರ ಮೇಲೊಂದಿದ್ದ ತಟ್ಟೆ ತಟ್ಟೆಗೂ ಇದ್ದ ಕಿಂಡಿಗಳಲ್ಲಿ ಇಣುಕಿ, ಒಳಗೆ ಹಳೆಯದು ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಇಳಿದಳು. ಮುಖವೆಲ್ಲ ಮಸಿ.

“ಈಗ ಬಿಡು ಮಾವ.”

ದಂಟಿನ ರಸ ಕಾಲಮಿಗೆ ಹರಿಯಿತು. ಗಾಜಿನ ಕೊಳವೆಯಲ್ಲಿ ಮಟ್ಟ ಮೆಲ್ಲಗೆ ಇಳಿಯತೊಡಗಿತು. ಆದರೆ ದಂಟಿನ ರಸ ಸಕ್ಕರೆಯ ರಸದಂತಲ್ಲ. ಉಗಿ ತಗಲಿದ್ದೇ ಹಾಲಿನ ಹಾಗೆ ನೊರೆ ಎದ್ದಿತು. ಉಗಿ ಹೆಚ್ಚಿಸಿದರೆ ನೊರೆಯೆಲ್ಲ ಮೇಲಕ್ಕೆ ಹತ್ತಿ, ಸ್ಪಿರಿಟ್ಟಿನ ಬದಲು ಕೊಚ್ಚೆ ಬರುತ್ತದೆ.

“ಉಗಿ ಜಾಸ್ತಿ ಮಾಡೇ,” ಎಂದ ಅಣ್ಣ. ಇಷ್ಟು ಹೊತ್ತು ಮೂಲೆಯಲ್ಲಿ ಧುಮುಗುಡುತ್ತ ನಿಂತಿದ್ದವನ ಮೊದಲ ಮಾತು ಅದು. “ಹೊತ್ತು ಇಳೀತಾ ಇದೆ.”

“ಇದು ನಾನು ಹೇಳಿದ ಹಾಗೆ ಕೇಳಲ್ಲ ಅಣ್ಣ. ಇದು ಹೇಳಿದ ಹಾಗೆ ನಾನು ಕೇಳಬೇಕು.”

“ಆಹಾ! ಜೀವಮಾನದಲ್ಲಿ ಒಬ್ಬರ ಮಾತಾದ್ರೂ ಕೇಳ್ತೀಯಲ್ಲ, ಸಂತೋಷ!”

ಕೆಲಸಗಾರರು ನಕ್ಕರು. ಅವಳೂ ನಕ್ಕಳು. ಆದರೆ ಉಗಿಯ ಚಕ್ರದ ಮೇಲಿನ ಕೈಯನ್ನು ಕೂದಲೆಳೆಯಷ್ಟೂ ತಿರುಗಿಸಲಿಲ್ಲ.

ಕಿಟಕಿಯ ಬಿಸಿಲು ನೆಲದಿಂದ ಎದುರಿನ ಗೋಡೆಗೆ ಏರಿತು. ಕೊಳವೆಯ ತುದಿ ಒಣಗಿಯೇ ಇತ್ತು. ಅಧಿಕಾರಿ ಚೀಲ ಹೆಗಲಿಗೇರಿಸಿ ಕೆಳಗೆ ಬಂದ. ಮಣಿಕಟ್ಟು ಮುಂದೆ ಮಾಡಿದ.

“ವೇಳೆ ಮುಗೀತಮ್ಮ. ನನ್ನ ಗಡಿಯಾರ ಸ್ವಲ್ಪ ಮುಂದೆ ಇದೆಯೋ ಏನೋ. ಇದೆ ಅಂತ ನೀವು ಹೇಳಿದ್ರೆ ನಂಬ್ತೀನಿ.”

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ಮಾವ ಕಣ್ಣು ಮುಚ್ಚಿಕೊಂಡ. ಅವಳು ಅಧಿಕಾರಿಯ ಗಡಿಯಾರ ನೋಡಿದಳು, ತನ್ನದನ್ನು ನೋಡಿದಳು.

“ಸರಿಯಾಗೇ ಇದೆ ಸರ್.”

ಅಧಿಕಾರಿ ಅವಳನ್ನು ಒಂದು ಕ್ಷಣ ಹೆಚ್ಚೇ ನೋಡಿದ. “ಬೆಳಿಗ್ಗೆ ನೀವು ಬಾಯಿ ಬಿಡದೇ ಇದ್ದಿದ್ರೆ ನಾನು ಆಗಲೇ ಬರೆದುಕೊಟ್ಟು ಹೋಗಿರ್ತಿದ್ದೆ.”

“ಗೊತ್ತು ಸರ್.”

“ನಾಳೆ ಬರ್ತೀನಿ. ಅರ್ಧ ಮಾಫಿಗೆ.” ಅವನು ಕೈ ಮುಗಿದು ಹೊರಗೆ ನಡೆದ.

ಅವನ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಅದೇ ಹೊತ್ತಿಗೆ ಕೊಳವೆಯೊಳಗೆ ಏನೋ ಕೆಮ್ಮಿದಂತಾಯಿತು. ತುದಿಯಲ್ಲಿ ಒಂದು ಹನಿ ಹುಟ್ಟಿ, ತೂಗಿ, ಬಿತ್ತು. ಇನ್ನೊಂದು. ಆಮೇಲೆ ದಾರದಷ್ಟು ಸಣ್ಣ ಧಾರೆ. ಮಾವ ಅಂಗೈ ಒಡ್ಡಿ ಮೂಸಿದ.

“ಹಸಿ ದಂಟಿನ ವಾಸನೆ ಕಣಮ್ಮ,” ಎಂದ. “ನಾನು ಇಂಥದ್ದು ಮೂಸೇ ಇಲ್ಲ.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಹತ್ತಿರ ಬಂದು, ಕೈ ಒಡ್ಡಿ, ಮೂಸಿ, ಹಿಂದೆ ಸರಿದು ಮುಂದಿನವರಿಗೆ ಜಾಗ ಬಿಟ್ಟರು. ಅವಳು ಕೊನೆಗೆ ಬಂದಳು. ಮೂಸಿದವಳು ಕೈ ಒರೆಸಿಕೊಳ್ಳಲಿಲ್ಲ.

ಅಣ್ಣ ಬಾಗಿಲಿಗೆ ಓಡಿದ್ದ. ಕಾರು ಇನ್ನೂ ಗೇಟು ದಾಟಿರಲಿಲ್ಲ. ಕೂಗಲು ಬಾಯಿ ತೆರೆದ, ಕೈ ಮೇಲೆತ್ತಿದ. ಹಿಂತಿರುಗಿ ತಂಗಿಯನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಧಾರೆಯ ಕೆಳಗಿನ ಜಾಡಿಯನ್ನು ಸರಿಮಾಡುತ್ತಿದ್ದಳು. ಕಾರು ಗೇಟು ದಾಟಿತು, ಧೂಳು ಎದ್ದು ಮೆಲ್ಲಗೆ ಕೂತಿತು. ಎತ್ತಿದ ಕೈ ಕೆಳಗಿಳಿಯಿತು.

ಅವನು ಕೋಟು ಬಿಚ್ಚಿ ಬಾಗಿಲ ಚಿಲಕಕ್ಕೆ ನೇತುಹಾಕಿದ. ತೋಳು ಮಡಚಿ, ಅಂಗಳದ ರಾಶಿಗೆ ಚುಚ್ಚಿಟ್ಟಿದ್ದ ಕವೆಗೋಲು ಕಿತ್ತುಕೊಂಡು, ಒಂದು ಹೊರೆ ದಂಟು ಎತ್ತಿ ಕತ್ತರಿಸುವ ಯಂತ್ರದ ಬಾಯಿಗೆ ಹಾಕಿದ. ಅರ್ಧ ಹೊರಗೆ ಚೆಲ್ಲಿತು.

“ಅಡ್ಡಡ್ಡ ಹಾಕಬೇಡ ಅಣ್ಣ, ಸಿಕ್ಕಿಹಾಕ್ಕೊಳ್ಳುತ್ತೆ,” ಎಂದಳು ಒಳಗಿನಿಂದ. “ಉದ್ದುದ್ದ ಹಾಕು.”

ಅವನು ಚೆಲ್ಲಿದ್ದನ್ನು ಬಾಚಿಕೊಂಡು ಉದ್ದಕ್ಕೆ ಜೋಡಿಸಿ ಹಾಕಿದ.