ಆರನೇ ಕಂತಿನ ಬ್ರೇಕ್

ಚಿಕ್ಕಮ್ಮ ಬಸ್ ಡ್ರೈವರ್. ಮೂರು ತಿಂಗಳ ಹಿಂದೆ ಬಸ್ಸಿಗೆ ಅಡ್ಡ ಬಂದ ಸೈಕಲ್‌ನವನ ಕಾಲು ಮುರಿದ ಮೇಲೆ ಅವಳು ಸ್ಟೇರಿಂಗ್ ಮುಟ್ಟಿರಲಿಲ್ಲ. ತಪ್ಪು ಅವಳದಲ್ಲವೆಂದು ತನಿಖೆಯವರು ಹೇಳಿದರೂ ಅವಳು ನಂಬಲಿಲ್ಲ. ನಾಳೆ ಮತ್ತೆ ಡ್ಯೂಟಿಗೆ ಹೋಗಬೇಕು.

ಬೇಕರಿ ನಡೆಸುವ ಅಜ್ಜಿಯ ಕುರಿತ ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಅವಳಿಗೆ ತುಂಬಾ ಹಿಡಿಸಿತ್ತು. ಅದಕ್ಕೇ ಅಷ್ಟೇ ನಿಧಾನದ, ಹೆಚ್ಚು ಜನ ನೋಡಿರದ ಇನ್ನೊಂದನ್ನು ನೋಡೆಂದು ನಾನೇ ಹೇಳಿದ್ದೆ. ಬೆಟ್ಟದೂರಿನಲ್ಲಿ ಟ್ರಾಮ್ ಓಡಿಸುವ ಹುಡುಗಿಯ ಕಥೆ. ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಾಗ ಫಕ್ಕನೆ ನೆನಪಾಯಿತು, ಆರನೇ ಕಂತಿನಲ್ಲಿ ಆ ಟ್ರಾಮ್ ಒಬ್ಬನಿಗೆ ಗುದ್ದುತ್ತದೆ!

ಅನಿಮೆ ನೋಡುವ ಆ್ಯಪ್‌ನಲ್ಲಿ ನಮ್ಮಿಬ್ಬರದೂ ಒಂದೇ ಅಕೌಂಟ್. ಫೋನಿನಲ್ಲಿ ನೋಡಿದರೆ ಅವಳು ಐದನೇ ಕಂತು ಮುಗಿಸಿ ಆರನೆಯದನ್ನು ಶುರು ಮಾಡಿದ್ದಳು. ಕರೆ ಮಾಡಿದೆ, ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ.

ಪಾಸ್ ಮಾಡಿಟ್ಟ ಟಿವಿಯಲ್ಲಿ ಟ್ರಾಮ್ ನಿಂತಲ್ಲೇ ನಿಂತಿತ್ತು. ಚಿಕ್ಕಮ್ಮನ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.

"ಚಿಕ್ಕಮ್ಮಾ, ಆಫ್ ಮಾಡು! ನಂದೇ ತಪ್ಪು, ಮರ್ತೇಬಿಟ್ಟಿದ್ದೆ."

"ಸುಮ್ನಿರೇ. ನಾಲ್ಕು ಸಲ ಹಿಂದೆ ಹಾಕಿ ನೋಡ್ದೆ. ಇವಳು ಸರಿಯಾದ ಟೈಮಿಗೇ ಬ್ರೇಕ್ ಹಾಕಿದಾಳೆ. ಆದ್ರೂ ನಿಲ್ಲಲ್ಲ." ಅವಳು ರಿಮೋಟ್ ಕೆಳಗಿಟ್ಟಳು. "ನಾನೂ ಸರಿಯಾಗೇ ಹಾಕಿದ್ದೆ ಕಣೇ."

ನಾನು ಪಕ್ಕದಲ್ಲಿ ಕೂತಾಗ ಚಿಕ್ಕಮ್ಮ ಟಿವಿಯತ್ತ ಕೈ ತೋರಿಸಿದಳು.

"ಇವಳು ಮತ್ತೆ ಟ್ರಾಮ್ ಓಡಿಸ್ತಾಳಾ?"

"ಹೂಂ, ಒಂಬತ್ತನೇ ಕಂತಲ್ಲಿ..."

"ಅಯ್ಯೋ, ಹೇಳ್ಬೇಡ ಕಣೇ ಬಾಯಿಬಡುಕಿ! ನಾನೇ ನೋಡ್ತೀನಿ. ನೀನು ಬೆಳಿಗ್ಗೆ ಐದಕ್ಕೆ ಅಲಾರಂ ಇಡು, ಅಷ್ಟು ಸಾಕು."